ಬಣ್ಣದ ಡಬ್ಬ ಕೊನೆಗೆ ತನ್ನಿ

ಕಡಿಮೆ ದುಡ್ಡಿನಲ್ಲಿ ಹಳೆಮನೆ ದುರಸ್ತಿ ಮಾಡಿಸುವುದರ ಬಗ್ಗೆ ಮೈಸೂರಿನಲ್ಲಿ ಕೊಟ್ಟ ಉಪನ್ಯಾಸದ ಬರಹ ರೂಪ. ಸಭಿಕರ ಕೆಲವು ಪ್ರಶ್ನೆಗಳು ಕೊನೆಯಲ್ಲಿವೆ.

ದಸರಾಕ್ಕೆ ಇನ್ನು ಒಂದೂವರೆ ತಿಂಗಳಿದೆ ಅನ್ನುವಾಗ ನಮ್ಮೂರಿನ ಬೀದಿಬೀದಿಯಲ್ಲಿ ಬಣ್ಣದವರ ಏಣಿ ನಿಲ್ಲುತ್ತದೆ. ಮಳೆ ಹೋಗಿರುವುದಿಲ್ಲ, ಗೋಡೆ ಒಳಗೊಳಗೇ ನೆಂದಿರುತ್ತದೆ. ಆದರೂ ಗೊಂಬೆ ಕೂರಿಸಬೇಕು, ನೆಂಟರು ಬರುತ್ತಾರೆ, ಮನೆ ಲಕ್ಷಣವಾಗಿ ಕಾಣಬೇಕು. ಗೊಂಬೆ ಎತ್ತಿಡುವವರೆಗೆ ಆ ಬಣ್ಣ ಚೆನ್ನಾಗಿಯೇ ಇರುತ್ತದೆ. ಸಂಕ್ರಾಂತಿಗೆ ಬೊಬ್ಬೆ ಏಳುತ್ತದೆ, ಯುಗಾದಿಗೆ ಹಪ್ಪಳದ ಹಾಗೆ ಎದ್ದು ಬರುತ್ತದೆ. ಬೈಸಿಕೊಳ್ಳುವುದು ಮಾತ್ರ ಬಣ್ಣದ ಕಂಪನಿ.

ದುಡ್ಡು ಕಡಿಮೆ ಇದ್ದಾಗ ಅದನ್ನು ಯಾವ ಸರದಿಯಲ್ಲಿ ಖರ್ಚು ಮಾಡಬೇಕು ಅನ್ನುವುದೇ ಇವತ್ತಿನ ವಿಷಯ. ಮೊದಲು ನೀರು ಬರುವ ದಾರಿ ಮುಚ್ಚಬೇಕು. ಆಮೇಲೆ ಗೋಡೆ, ನೆಲದೊಳಗೆ ಹೂತುಹೋಗುವ ಪೈಪು ಮತ್ತು ತಂತಿ. ಅದಾದ ಮೇಲೆ ನೆಲ. ಬಣ್ಣ, ಕಪಾಟು, ದೀಪ ಇವೆಲ್ಲ ಎಲ್ಲಕ್ಕಿಂತ ಕೊನೆಗೆ, ದುಡ್ಡು ಉಳಿದಿದ್ದರೆ. ಈ ಸರದಿ ತಪ್ಪಿದ ಮನೆಯಲ್ಲಿ ಒಂದೇ ಕೆಲಸಕ್ಕೆ ಎರಡು ಸಲ ದುಡ್ಡು ಕೊಡುತ್ತೀರಿ: ಮಾಡಿಸುವುದಕ್ಕೆ ಒಂದು ಸಲ, ಒಡೆಸಿ ಮತ್ತೆ ಮಾಡಿಸುವುದಕ್ಕೆ ಇನ್ನೊಂದು ಸಲ.

ದರ ಹೇಳುವುದಿಲ್ಲ. ಇವತ್ತು ಹೇಳಿದ ದರ ಮುಂದಿನ ತಿಂಗಳಿಗೆ ಸುಳ್ಳಾಗುತ್ತದೆ, ಕುವೆಂಪುನಗರದ ದರ ಮಂಡ್ಯದ ಗುತ್ತಲಿಗೆ ಹೊಂದುವುದಿಲ್ಲ. ಪ್ರಮಾಣ ಹೇಳುತ್ತೇವೆ, ದರ ನೀವೇ ವಿಚಾರಿಸಿ ತುಂಬಿಕೊಳ್ಳಿ. ಅಂದಹಾಗೆ, ಯಾರಾದರೂ ಹಳೆ ಅಂದಾಜು ಪಟ್ಟಿ ಇಟ್ಟುಕೊಂಡಿದ್ದರೆ ತಿದ್ದಿಕೊಳ್ಳಿ: 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ.

ಲೆಕ್ಕಕ್ಕೆ ಒಂದು ಮನೆ ಇಟ್ಟುಕೊಳ್ಳೋಣ. 30×40 ಸೈಟು, ಎಂಟು ಚದರದ (ಒಂದು ಚದರ ಅಂದರೆ 100 ಚದರಡಿ) ಮನೆ, ನಲವತ್ತು ವರ್ಷ ಹಳೆಯದು, ಆರ್‌ಸಿಸಿ ತಾರಸಿ. ಕೈಯಲ್ಲಿರುವುದು 4 ಲಕ್ಷ. ಮೊಟ್ಟಮೊದಲು 70 ಸಾವಿರ ತೆಗೆದು ಬೇರೆ ಖಾತೆಗೆ ಹಾಕಿ, ಅದು ಇಲ್ಲ ಅಂದುಕೊಳ್ಳಿ. ಹೊಸ ಮನೆಗೆ ಶೇ. 5 ತೆಗೆದಿಟ್ಟರೆ ಸಾಕು, ಹಳೆಮನೆಗೆ ಶೇ. 15ರಿಂದ 20 ಬೇಕು. ಬಚ್ಚಲಿನ ನೆಲ ಎಬ್ಬಿಸಿದ ಮೇಲೆ ಕೆಳಗಿನ ಪೈಪು ಹೇಗಿದೆ ಅಂತ ಗೊತ್ತಾಗುವುದೇ ಹೊರತು ಮುಂಚೆ ಯಾರಿಗೂ ಗೊತ್ತಾಗದು. ಮಿಕ್ಕಿದ್ದರಲ್ಲಿ ತಾರಸಿಗೆ 80 ಸಾವಿರ, ಬಚ್ಚಲು ಮತ್ತು ಪೈಪಿಗೆ 1 ಲಕ್ಷ, ವೈರಿಂಗ್‌ಗೆ 70 ಸಾವಿರ. ಇಷ್ಟಾದ ಮೇಲೆ ಉಳಿಯುವುದು 80 ಸಾವಿರ. ಅದರಲ್ಲಿ ನೆಲವೋ ಬಣ್ಣವೋ, ಒಂದನ್ನು ಆರಿಸಿಕೊಳ್ಳಿ. ಎರಡೂ ಆಗಬೇಕು ಅಂದರೆ ಎರಡೂ ಅರೆಬರೆ ಆಗುತ್ತವೆ. ನಿಮ್ಮ ಮನೆಯಲ್ಲಿ ಅಂಕಿ ಬದಲಾಗಬಹುದು, ಸರದಿ ಬದಲಾಗಬಾರದು.

ಮೇಸ್ತ್ರಿಯನ್ನು ಕರೆಯುವ ಮುಂಚೆ ಒಂದು ದಿನ ನೀವೇ ಮನೆ ನೋಡಿ. ಒಂದು ಟಾರ್ಚು, ಒಂದು ನಾಣ್ಯ, ಒಂದು ನೋಟ್‌ಬುಕ್ಕು ಸಾಕು. ಗೋಡೆಯ ಮೇಲೆ ನಾಣ್ಯದಿಂದ ತಟ್ಟುತ್ತಾ ಹೋಗಿ. ಗಟ್ಟಿ ಸದ್ದು ಬಂದ ಕಡೆ ಪ್ಲಾಸ್ಟರ್ ಚೆನ್ನಾಗಿದೆ. ಡೊಳ್ಳು ಸದ್ದು ಬಂದ ಕಡೆ ಅದು ಗೋಡೆ ಬಿಟ್ಟಿದೆ. ಆ ಜಾಗಕ್ಕೆ ಸೀಮೆಸುಣ್ಣದಿಂದ ಗೆರೆ ಹಾಕಿ. ಇಡೀ ಗೋಡೆ ಕಿತ್ತು ಹೊಸದಾಗಿ ಪ್ಲಾಸ್ಟರ್ ಮಾಡೋಣ ಅಂತ ಯಾರಾದರೂ ಹೇಳಿದರೆ ಆ ಗೆರೆ ತೋರಿಸಿ, ಇಷ್ಟಕ್ಕೆ ಮಾತ್ರ ಅಂದು ಹೇಳಿ.

ತೇವ ಎಲ್ಲಿದೆ ಅನ್ನುವುದಕ್ಕಿಂತ ಎಷ್ಟು ಎತ್ತರದಲ್ಲಿದೆ ಅನ್ನುವುದನ್ನು ಬರೆದುಕೊಳ್ಳಿ. ಸೂರಿನ ಹತ್ತಿರ, ಮೂಲೆಯಲ್ಲಿ ಚಹಾದ ಕಲೆಯಂಥ ಉಂಗುರ ಇದ್ದರೆ ಅದು ತಾರಸಿಯ ನೀರು. ಗೋಡೆಯ ನಡುಮಟ್ಟದಲ್ಲಿದ್ದರೆ ಪೈಪು ಅಥವಾ ಕಿಟಕಿಯ ಕೆಳಗಿನ ಸಂದು. ನೆಲದಿಂದ ಎರಡು, ಮೂರು ಅಡಿಯವರೆಗೆ ಒಂದೇ ಸಮ ಪಟ್ಟಿಯಂತೆ ಇದ್ದು ಮೇಲ್ಗಡೆ ಉಪ್ಪು ಬಿಳಿಯಾಗಿ ಅರಳಿದ್ದರೆ ಅದು ಪಾಯದಿಂದ ಏರಿದ್ದು. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಹೊರಮೈಯಲ್ಲಿ ಕಟ್ಟಿದರೆ ಕೋಣೆಗೆ ಗಾಳಿ ಸಾಲದು, ಅಲ್ಲಿಗೆ ವಾಟರ್‌ಪ್ರೂಫಿಂಗ್ ಬೇಡ, ಒಂದು ಎಕ್ಸಾಸ್ಟ್ ಫ್ಯಾನ್ ಸಾಕು. ಪೈಪಿನ ಅನುಮಾನವಿದ್ದರೆ ರಾತ್ರಿ ನಲ್ಲಿಗಳನ್ನೆಲ್ಲ ಕಟ್ಟಿ, ಮೇಲಿನ ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ ಮಲಗಿ. ಬೆಳಿಗ್ಗೆ ಮಟ್ಟ ಇಳಿದಿದ್ದರೆ ಉತ್ತರ ಸಿಕ್ಕಿತು.

ಈಗ ತಾರಸಿ. ಹೆಚ್ಚು ದುಡ್ಡು ಪೋಲಾಗುವುದು ಇಲ್ಲೇ, ಆದ್ದರಿಂದ ಸ್ವಲ್ಪ ಹೊತ್ತು ಇಲ್ಲೇ ನಿಲ್ಲೋಣ.

ಸೋರುವ ತಾರಸಿಗೆ ಮೇಲೆ ಇನ್ನೊಂದು ಪದರ ಗಾರೆ ಹಾಕಿಸುವುದು ರೂಢಿ. ಐದು ವರ್ಷಕ್ಕೆ ಮತ್ತೆ ಸೋರಿದರೆ ಮತ್ತೊಂದು ಪದರ. ಒಂದು ಚದರದ ಮೇಲೆ ಒಂದಿಂಚು ಗಾರೆ ಅಂದರೆ ಎಂಟೂಕಾಲು ಘನಅಡಿ, ತೂಕ ಸುಮಾರು 470 ಕೆ.ಜಿ. ಎಂಟು ಚದರಕ್ಕೆ ಮೂರೂಮುಕ್ಕಾಲು ಟನ್. ಎರಡು ಸಲ ಎರಡೆರಡು ಇಂಚು ಹಾಕಿಸಿದ್ದರೆ ನಿಮ್ಮ ತಲೆಯ ಮೇಲೆ ಹೊಸದಾಗಿ ಹದಿನೈದು ಟನ್ ಕೂತಿದೆ. ನಲವತ್ತು ವರ್ಷದ ಹಿಂದೆ ಹಾಕಿದ ಕಬ್ಬಿಣ ಇದನ್ನು ಹೊರುವುದಕ್ಕೆ ಅಂತ ಹಾಕಿದ್ದಲ್ಲ. ಹಾಗಾಗಿ ಮೊದಲ ಪ್ರಶ್ನೆ, ಹಳೆ ಪದರ ಎಷ್ಟಿದೆ? ಒಂದು ಮೂಲೆಯಲ್ಲಿ ಅಂಗೈಯಗಲ ಒಡೆದು ನೋಡಿ. ಎರಡು ಪದರ ಕಂಡರೆ ಮೇಲಿನದನ್ನು ಕಿತ್ತು ಇಳಿಸುವುದೇ ಸರಿ.

ಎರಡನೆಯದು, ನೀರು ಹೋಗುವ ತೂತು. ನಮ್ಮ ಮಳೆಗೆ 4 ಇಂಚಿನ ಒಂದು ಪೈಪು ಸುಮಾರು ನಾಲ್ಕು ಚದರದ ನೀರನ್ನು ಇಳಿಸುತ್ತದೆ. ಎಂಟು ಚದರದ ತಾರಸಿಗೆ ಎರಡು ಬೇಕು. ಹಳೆಮನೆಗಳಲ್ಲಿ ಎರಡಿಂಚಿನ ಒಂದೇ ಒಂದು ತೂತು ಇರುತ್ತದೆ, ಅದಕ್ಕೂ ಮಾವಿನ ಎಲೆ ಅಡ್ಡ. ಮೇ ಮತ್ತು ಅಕ್ಟೋಬರಿನ ಗುಡುಗು ಮಳೆ ಅರ್ಧ ಗಂಟೆಯಲ್ಲಿ ಸುರಿದು ಹೋಗುವಂಥದ್ದು. ನೀರು ನಿಂತಿತು, ಪ್ಯಾರಪೆಟ್ಟಿನ, ಅಂದರೆ ತಾರಸಿ ಸುತ್ತಲಿನ ಮೋಟುಗೋಡೆಯ, ಬುಡದ ಸಂದಿಗೆ ಇಳಿಯಿತು. ವಾಟರ್‌ಪ್ರೂಫಿಂಗ್ ಮಾಡಿಸುವ ದುಡ್ಡಿನಲ್ಲಿ ಅತಿ ಸಣ್ಣ ಪಾಲಿಗೆ ಇನ್ನೊಂದು ಪೈಪು ಬರುತ್ತದೆ. ಎಷ್ಟೋ ಮನೆಗಳಲ್ಲಿ ಸೋರಿಕೆ ಅಷ್ಟಕ್ಕೇ ನಿಲ್ಲುತ್ತದೆ.

ಇಳಿಜಾರು 100ಕ್ಕೆ 1 ಇರಬೇಕು, ಅಂದರೆ ಎಂಟಡಿಗೆ ಒಂದಿಂಚು. ಇಪ್ಪತ್ತಡಿ ಉದ್ದಕ್ಕೆ ಎರಡೂವರೆ ಇಂಚು ಹತ್ತಿರ. ರಸಮಟ್ಟ ಬೇಡ, ಒಂದು ಬಕೆಟ್ ನೀರು ಸುರಿದು ಅದು ಎಲ್ಲಿ ನಿಲ್ಲುತ್ತದೆ ನೋಡಿ. ತಗ್ಗಿರುವ ಕಡೆ ಮಾತ್ರ ತುಂಬಿಸಿ. ಪ್ಯಾರಪೆಟ್ಟೂ ತಾರಸಿಯೂ ಕೂಡುವ ಮೂಲೆಯಲ್ಲಿ ಎರಡಿಂಚು ಎತ್ತರ, ಎರಡಿಂಚು ಅಗಲದ ದುಂಡು ಅಂಚು ಕಟ್ಟಿಸಿ. ನೇರ ಮೂಲೆಯಲ್ಲಿ ಬಿರುಕು ಬೀಳುತ್ತದೆ, ದುಂಡು ಮೂಲೆಯಲ್ಲಿ ನೀರು ನಿಲ್ಲದೆ ಜಾರುತ್ತದೆ. ಪ್ಯಾರಪೆಟ್ಟಿನ ತಲೆಯ ಪ್ಲಾಸ್ಟರೂ ಬಿರುಕು ಬಿಟ್ಟಿರುತ್ತದೆ. ಅಲ್ಲಿಂದ ಇಳಿದ ನೀರು ಕೆಳಗೆ ಕೋಣೆಯ ಮೂಲೆಯಲ್ಲಿ ಕಾಣಿಸಿಕೊಂಡು, ತಾರಸಿಯೇ ಸೋರುತ್ತಿದೆ ಅಂತ ಮೋಸ ಮಾಡುತ್ತದೆ.

ಇಷ್ಟೆಲ್ಲ ಸರಿ ಮಾಡಿದ ಮೇಲೆ ಮಾತ್ರ ನೀರು ತಡೆಯುವ ಅಕ್ರಿಲಿಕ್ ಕೋಟಿಂಗ್. ಪಾಚಿ ಉಜ್ಜಿ ತೊಳೆದು ಎರಡು ಮೂರು ದಿನ ಬಿಸಿಲಿಗೆ ಒಣಗಿಸಬೇಕು. ಬಿರುಕನ್ನು ವಿ ಆಕಾರಕ್ಕೆ ಕೊರೆದು ತುಂಬಬೇಕು. ಪ್ರೈಮರ್ ಒಂದು ಕೈ. ದುಂಡು ಅಂಚಿನ ಮೇಲೂ ಪೈಪಿನ ಬಾಯಿ ಸುತ್ತಲೂ ಫೈಬರ್ ಬಲೆ. ಆಮೇಲೆ ಎರಡು ಕೈ, ಮೊದಲನೆಯದು ಉದ್ದಕ್ಕೆ ಎಳೆದರೆ ಎರಡನೆಯದು ಅಡ್ಡಕ್ಕೆ. ಮೂರರಿಂದ ಐದು ವರ್ಷ ಬಾಳುತ್ತದೆ. ಹತ್ತು ವರ್ಷ ಗ್ಯಾರಂಟಿ ಅನ್ನುವವರ ಮಾತನ್ನು ಕಾಗದದಲ್ಲಿ ಬರೆಸಿಕೊಳ್ಳಿ, ಬರೆಯುವಾಗ ವರ್ಷ ತಾನಾಗಿ ಕಮ್ಮಿಯಾಗುತ್ತದೆ. ಸೋಲಾರ್ ಹೀಟರ್ ಇದ್ದರೆ ಅದರ ಸ್ಟ್ಯಾಂಡಿನ ಕಾಲು ನೋಡಿ. ತಾರಸಿಗೆ ಬೋಲ್ಟು ಹೊಡೆದಿದ್ದರೆ ಆ ನಾಲ್ಕು ತೂತೇ ನಾಲ್ಕು ಸೋರಿಕೆ. ಸಣ್ಣ ಕಾಂಕ್ರೀಟ್ ದಿಮ್ಮಿಯ ಮೇಲೆ ಕೂರಿಸಿ ಬೋಲ್ಟನ್ನು ಅದಕ್ಕೇ ಹಾಕಿಸಿ. ಕೋಟಿಂಗ್ ಆದ ಮೇಲೆ ಸೋಲಾರ್‌ನವರು ಬಂದು ಡ್ರಿಲ್ ಹಾಕಿದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ.

ಪರೀಕ್ಷೆ ಹೀಗೆ: ಪೈಪಿನ ಬಾಯಿಗೆ ಬಟ್ಟೆ ತುರುಕಿ, ಒಂದಿಂಚು ನೀರು ನಿಲ್ಲಿಸಿ, 48 ಗಂಟೆ ಬಿಡಿ. ಒಂದು ಚದರಕ್ಕೆ 236 ಲೀಟರ್ ಬೇಕಾಗುತ್ತದೆ. ಇಡೀ ತಾರಸಿಗೆ ಒಟ್ಟಿಗೆ ನಿಲ್ಲಿಸಬೇಡಿ, ಜೇಡಿಮಣ್ಣಿನ ಬದು ಕಟ್ಟಿ ಎರಡೆರಡು ಚದರ ಮಾಡಿ. ಮದ್ರಾಸ್ ತಾರಸಿಯ ಮನೆಗಳಲ್ಲಿ, ಅಂದರೆ ಮರದ ತೊಲೆಯ ಮೇಲೆ ಇಟ್ಟಿಗೆ ಮತ್ತು ಸುಣ್ಣದ ಗಾರೆ ಇರುವ ಕಡೆ, ಈ ಪರೀಕ್ಷೆಯೇ ಬೇಡ. ಅಲ್ಲಿ ತೊಲೆಯ ತುದಿ ಗೋಡೆಯೊಳಗೆ ಹೊಕ್ಕ ಜಾಗವನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಬೆಣ್ಣೆಯ ಹಾಗೆ ಹೊಕ್ಕರೆ ಬೇರೆ ಕೆಲಸವನ್ನೆಲ್ಲ ನಿಲ್ಲಿಸಿ ಅದನ್ನು ನೋಡಿಸಬೇಕು.

ಸೂರಿನ ಕೆಳಗೆ ಕಾಂಕ್ರೀಟ್ ಸಿಡಿದು ಕಬ್ಬಿಣ ಕಾಣುತ್ತಿದ್ದರೆ ಅದಕ್ಕೆ ಗಾರೆ ಮೆತ್ತಿಸಬೇಡಿ. ತುಕ್ಕು ಹಿಡಿದ ಕಬ್ಬಿಣ ಊದಿಕೊಳ್ಳುತ್ತದೆ, ಊದಿಕೊಂಡೇ ಕಾಂಕ್ರೀಟನ್ನು ತಳ್ಳಿದ್ದು. ಮೆತ್ತಿದ ಗಾರೆಯನ್ನೂ ತಳ್ಳುತ್ತದೆ, ಈ ಸಲ ಕೆಳಗೆ ಯಾರಾದರೂ ಮಲಗಿರಬಹುದು. ಸಡಿಲ ಇರುವುದನ್ನೆಲ್ಲ ಉದುರಿಸಿ, ಕಂಬಿಯ ಹಿಂದೆಯೂ ಬೆರಳು ತೂರುವಷ್ಟು, ಅಂದರೆ ಮುಕ್ಕಾಲರಿಂದ ಒಂದಿಂಚು ಬಿಡಿಸಿ, ತಂತಿ ಬ್ರಷ್‌ನಿಂದ ಹೊಳೆಯುವವರೆಗೆ ಉಜ್ಜಿ, ತುಕ್ಕು ತಡೆಯುವ ಸತುವಿನ ಲೇಪ ಹಚ್ಚಿ, ಪಾಲಿಮರ್ ಬೆರೆಸಿದ 1:3 (ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳು) ಗಾರೆಯನ್ನು ಒಂದು ಸಲಕ್ಕೆ ಮುಕ್ಕಾಲು ಇಂಚಿಗಿಂತ ದಪ್ಪವಾಗದಂತೆ ಪದರ ಪದರವಾಗಿ ತುಂಬಬೇಕು. ಕಂಬಿ ಕಾಲುಭಾಗ ಸವೆದಿದ್ದರೆ ಮೇಸ್ತ್ರಿಯ ಮಾತು ಸಾಲದು, ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಲಿ. ಅವರಿಗೆ ಕೊಡುವ ಶುಲ್ಕವನ್ನು ಖರ್ಚು ಅಂತ ಬರೆಯಬೇಡಿ.

ಮಂಡ್ಯದಿಂದ ಬಂದವರಿಗೆ ತಾರಸಿಗಿಂತ ಪಾಯದ ತೊಂದರೆ ಹೆಚ್ಚು. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಗದ್ದೆಗೆ ನೀರು ಬಿಟ್ಟಾಗ ನೆಲದಡಿಯ ನೀರೂ ಮೇಲಕ್ಕೆ ಬರುತ್ತದೆ, ಇಟ್ಟಿಗೆ ಅದನ್ನು ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಹೀರುತ್ತದೆ. ನೀರು ಆರಿಹೋಗುತ್ತದೆ, ಅದರಲ್ಲಿದ್ದ ಉಪ್ಪು ಗೋಡೆಯಲ್ಲಿ ಉಳಿದು ಹರಳಾಗಿ ಬಣ್ಣವನ್ನು ತಳ್ಳುತ್ತದೆ. ಇದಕ್ಕೆ ಎಲ್ಲರೂ ಮಾಡುವುದು, ಮೂರಡಿವರೆಗೆ ಸಿಮೆಂಟ್ ಪ್ಲಾಸ್ಟರ್ ಬಿಗಿದು ಮೇಲೆ ಟೈಲ್ಸ್ ಹಾಕುವುದು. ನೀರಿಗೆ ಆರುವ ಜಾಗ ಸಿಗದೆ ಅದು ನಾಲ್ಕಡಿಗೆ, ಐದಡಿಗೆ ಏರುತ್ತದೆ. ಟೈಲ್ಸ್ ಮೇಲಿನ ಅಂಚಿನಲ್ಲಿ ಹೊಸ ಪಟ್ಟಿ ಶುರು.

ಮೊದಲು ಹೊರಗೆ ಹೋಗಿ ನೋಡಿ. ರಸ್ತೆಗೆ ಹತ್ತು ವರ್ಷದಲ್ಲಿ ಮೂರು ಸಲ ಡಾಂಬರೋ ಕಾಂಕ್ರೀಟೋ ಬಿದ್ದಿರುತ್ತದೆ. ರಸ್ತೆ ಏರುತ್ತಾ ಹೋಗುತ್ತದೆ, ಮನೆ ಇದ್ದಲ್ಲೇ. ಅಂಗಳದ ಮಣ್ಣು ಒಳಗಿನ ನೆಲಕ್ಕಿಂತ ಕನಿಷ್ಠ ಆರಿಂಚು ಕೆಳಗಿರಬೇಕು. ಇಲ್ಲದಿದ್ದರೆ ಮಣ್ಣು ತೆಗೆಸಿ, ಗೋಡೆಯಿಂದ ಎರಡಡಿ ಅಗಲಕ್ಕೆ ಹೊರಕ್ಕೆ ಇಳಿಜಾರಾಗಿ ಕಾಂಕ್ರೀಟ್ ಹಾಕಿಸಿ. ಗೋಡೆಗೆ ಒರಗಿಸಿ ಬೆಳೆಸಿದ ಹೂವಿನ ಪಾತಿ ಇದ್ದರೆ ಜಾಗ ಬದಲಿಸಿ. ಆಮೇಲೆ ಒಳಗಿನ ಹಾಳಾದ ಪ್ಲಾಸ್ಟರನ್ನು ಕಲೆಗಿಂತ ಒಂದಡಿ ಮೇಲಿನವರೆಗೂ ಕಿತ್ತು, ಇಟ್ಟಿಗೆ ಉಜ್ಜಿ, ಒಂದು ಬೇಸಿಗೆ ಆರಲು ಬಿಡಿ. ನೋಡುವುದಕ್ಕೆ ಅಸಹ್ಯ, ನಿಜ. ಆದರೆ ಬಿಡಲೇಬೇಕು. ಅದರ ಮೇಲೆ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳಿನ ಗಾರೆ, ತೆಳುವಾಗಿ ಎರಡು ಮೂರು ಪದರ. ಅದಕ್ಕೆ ಪ್ಲಾಸ್ಟಿಕ್ ಪೇಂಟ್ ಬೇಡ, ಸುಣ್ಣವೇ ಸಾಕು, ಗೋಡೆ ಉಸಿರಾಡಲಿ. ಡ್ರಿಲ್ ಹಾಕಿ ರಾಸಾಯನಿಕ ತುಂಬುವ ವಿಧಾನವೂ ಇದೆ: ನೆಲದಿಂದ ಆರಿಂಚು ಮೇಲೆ, ನಾಲ್ಕೈದು ಇಂಚಿಗೊಂದು ತೂತು. ಇಟ್ಟಿಗೆ, ಸಿಮೆಂಟ್ ಗಾರೆಯ ಗೋಡೆಗೆ ಅದು ಹಿಡಿಯುತ್ತದೆ. ಕಾಡುಕಲ್ಲು, ಮಣ್ಣಿನ ಗಾರೆಯ ಗೋಡೆಯಲ್ಲಿ ದ್ರವ ಎತ್ತಲೋ ಹರಿದುಹೋಗುತ್ತದೆ, ದುಡ್ಡೂ ಅದರ ಜೊತೆ.

ಗೆದ್ದಲು ಇದ್ದರೆ ಅದರ ಮದ್ದೂ ನೆಲದ ಕೆಲಸಕ್ಕೆ ಮುಂಚೆಯೇ ಆಗಬೇಕು: ಗೋಡೆ, ನೆಲ ಕೂಡುವ ಕಡೆ ಒಂದಡಿಗೊಂದರಂತೆ ಅರ್ಧ ಇಂಚಿನ ತೂತು, ತೂತಿಗೆ ಒಂದು ಲೀಟರ್. ಹೊಸ ಟೈಲ್ಸ್ ಹಾಕಿದ ಮೇಲೆ ನೆನಪಾದರೆ ಹೊಸ ಟೈಲ್ಸಿಗೇ ತೂತು.

ಗೋಡೆ ಒಡೆಯುವ ಆಸೆ ಎಲ್ಲರಿಗೂ ಇರುತ್ತದೆ. ಅಡುಗೆಮನೆಯನ್ನೂ ನಡುಮನೆಯನ್ನೂ ಒಂದು ಮಾಡೋಣ ಅಂತ. ಆ ಕಾಲದ ಬಹುತೇಕ ಮನೆಗಳಲ್ಲಿ ಕಂಬವಿಲ್ಲ, ಗೋಡೆಯೇ ತಾರಸಿ ಹೊತ್ತಿದೆ. 9 ಇಂಚಿನ ಗೋಡೆಯನ್ನು ಮುಟ್ಟುವುದಾದರೆ ಜಾಕಿ ಕೊಟ್ಟು, ತೊಲೆ ಕೂರಿಸಿ, ಎಂಜಿನಿಯರ್ ಲೆಕ್ಕ ಹಾಕಿ ಆಗಬೇಕು, ಆ ಖರ್ಚು 4 ಲಕ್ಷದ ಬಜೆಟ್ಟಿನಲ್ಲಿ ಕೂರುವುದಿಲ್ಲ. ನಾಲ್ಕೂವರೆ ಇಂಚಿನ ಗೋಡೆ ಅಂತ ಧೈರ್ಯ ಬೇಡ, ಅದರ ಮೇಲೆ ಅಟ್ಟದ ಚಪ್ಪಡಿ ಕೂತಿದೆಯೋ ನೋಡಿ. ತಂತಿಗಾಗಿ ಗೋಡೆ ಕೊರೆಯುವಾಗಲೂ ಮಿತಿ ಇದೆ: ಮೇಲಿಂದ ಕೆಳಕ್ಕೆ ಕೊರೆದರೆ ಗೋಡೆಯ ದಪ್ಪದ ಮೂರರಲ್ಲೊಂದು, ಅಡ್ಡಡ್ಡ ಕೊರೆದರೆ ಆರರಲ್ಲೊಂದು. ಸುಣ್ಣ ಅಥವಾ ಮಣ್ಣಿನ ಗಾರೆಯ ಹಳೇ ಗೋಡೆಗೆ ಉಳಿಯನ್ನೇ ಮುಟ್ಟಿಸಬೇಡಿ. 2012ರಲ್ಲಿ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಬಿತ್ತು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ, ದುರಸ್ತಿ ನಡೆಯುತ್ತಿದ್ದ ಕಾಲದಲ್ಲೇ ಬಿತ್ತು. ಎರಡೂ ಆಗಸ್ಟ್ ತಿಂಗಳು. ಅಗ್ರಹಾರ, ಲಷ್ಕರ್ ಮೊಹಲ್ಲಾದ ಹಳೇ ಮನೆಯವರು ಒಡೆಯುವ ಕೆಲಸವನ್ನು ಮಳೆಗಾಲಕ್ಕೆ ಇಟ್ಟುಕೊಳ್ಳಲೇಬಾರದು.

ವೈರಿಂಗ್ ವಿಷಯ ಚುಟುಕಾಗಿ. ದೀಪ, ಫ್ಯಾನಿಗೆ 1.5 ಚದರ ಮಿ.ಮೀ. ತಂತಿ, ಅದಕ್ಕೆ 10 ಆಂಪಿಯರ್ ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್ಚು. ಸಾಮಾನ್ಯ ಪ್ಲಗ್ಗಿಗೆ 2.5, ಅದಕ್ಕೆ 16. ಗೀಸರು, ಎಸಿಗೆ 4, ಅದಕ್ಕೆ 20. ಎಂಸಿಬಿ ಕಾಯುವುದು ತಂತಿಯನ್ನು. ಪದೇ ಪದೇ ಬೀಳುತ್ತದೆ ಅಂತ 10ರ ಜಾಗದಲ್ಲಿ 32 ಹಾಕಿದರೆ ಎಂಸಿಬಿ ಬೀಳುವುದಿಲ್ಲ, ತಂತಿ ಸುಡುತ್ತದೆ. ಹಳೆಮನೆಗಳಲ್ಲಿ ಎರಡೇ ತಂತಿ ಇರುತ್ತದೆ, ಅರ್ತಿಂಗ್ ಇರುವುದಿಲ್ಲ. ಮೂರನೇ ತಂತಿ ಎಳೆಸಿ, ಬೋರ್ಡಿನಲ್ಲಿ ಕರೆಂಟ್ ಸೋರಿದ ಕೂಡಲೇ ಕಡಿದುಹಾಕುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಕೂರಿಸಿ. ಬೇರೆ ಏನನ್ನು ಬಿಟ್ಟರೂ ಇದನ್ನು ಬಿಡಬೇಡಿ, ಒದ್ದೆ ಕೈಯಲ್ಲಿ ಮಿಕ್ಸಿ ಮುಟ್ಟುವ ಮನೆ ಅದು. ಗೀಸರೋ ಎಸಿಯೋ ಸೇರಿಸುವುದಾದರೆ ಚೆಸ್ಕಾಂನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ಅಂತ ಬಿಲ್ ನೋಡಿ, ಸಾಲದಿದ್ದರೆ ಹೆಚ್ಚಿಸಿಕೊಳ್ಳಿ. ಪಿವಿಸಿ ಪೈಪನ್ನು ಗೋಡೆಯ ಮೇಲೇ ಹಾಯಿಸಿದರೆ ಕೊರೆಯುವ ಕೂಲಿ, ಮುಚ್ಚುವ ಕೂಲಿ, ಮತ್ತೆ ಬಣ್ಣ ಎಲ್ಲವೂ ಉಳಿಯುತ್ತದೆ. ಅಂದಗೆಡುತ್ತದೆ ಅನ್ನುತ್ತಾರೆ, ನೇರವಾಗಿ ಹಾಯಿಸಿದರೆ ಏನೂ ಕೆಡುವುದಿಲ್ಲ.

ನೀರಿನ ಪೈಪಿಗೂ ಇದೇ ಮಾತು. ಹಳೇ ಜಿಐ (ಸತು ಲೇಪದ ಕಬ್ಬಿಣ) ಪೈಪಿನ ಒಳಗೆ ಬೋರ್ ನೀರಿನ ಸುಣ್ಣ ಕಟ್ಟಿ ತೂತು ಪೆನ್ಸಿಲ್ ಗಾತ್ರ ಆಗಿರುತ್ತದೆ. ತುಂಡು ತುಂಡಾಗಿ ಬದಲಿಸಬೇಡಿ, ಹಳೆ ಪೈಪಿನ ಎಳೆ ಬಿಚ್ಚುವಾಗ ಪಕ್ಕದ ಜಾಯಿಂಟ್ ಒಡೆಯುತ್ತದೆ. ಹೊಸ ಸಿಪಿವಿಸಿ ಪ್ಲಾಸ್ಟಿಕ್ ಪೈಪಿನ ಲೈನನ್ನು ಹೊರಗೋಡೆಯ ಮೇಲೆ ತನ್ನಿ, ಬಿಸಿಲಿಗೆ ಅದು ಪೆಡಸಾಗುವುದರಿಂದ ನೀರಿನ ಆಧಾರದ ಬಣ್ಣ ಒಂದು ಕೈ ಹೊಡೆಸಿ. ಬಚ್ಚಲಿನೊಳಗೆ ಹೂಳುವ ಭಾಗವನ್ನು ಮುಚ್ಚುವ ಮುಂಚೆ ಕೈಪಂಪಿನಿಂದ 6–7 ಕೆ.ಜಿ. ಒತ್ತಡ ಏರಿಸಿ, ಒಂದು ಗಂಟೆ ಮುಳ್ಳು ಇಳಿಯದಿರುವುದನ್ನು ನಿಮ್ಮ ಕಣ್ಣಾರೆ ನೋಡಿ. ಆಮೇಲೆ ಗೋಡೆಗೆ ಟೇಪು ಹಿಡಿದು ಅಳತೆ ಕಾಣುವಂತೆ ಫೋಟೊ ತೆಗೆದಿಡಿ. ಮುಂದೆ ಕನ್ನಡಿಗೆ ಮೊಳೆ ಹೊಡೆಯುವ ದಿನ ಅದರ ಬೆಲೆ ಗೊತ್ತಾಗುತ್ತದೆ.

ಬಚ್ಚಲಿನ ನೆಲಕ್ಕೆ ಟೈಲ್ಸ್ ಮೇಲೆ ಟೈಲ್ಸ್ ಹಾಕಿಸಬೇಡಿ. ಮಟ್ಟ ಅರ್ಧ ಇಂಚು ಏರಿ, ನೀರು ಬಾಗಿಲು ದಾಟಿ ಕೋಣೆಗೆ ಬರುತ್ತದೆ. ಕಿತ್ತು, ಎರಡು ಕೈ ವಾಟರ್‌ಪ್ರೂಫ್ ಲೇಪ ಹಾಕಿ, ಗೋಡೆಗೂ ಒಂದಡಿ ಏರಿಸಿ, ಸ್ನಾನದ ಮೂಲೆಯಲ್ಲಿ ಆರಡಿ. 48 ಗಂಟೆ ನೀರು ನಿಲ್ಲಿಸಿ ನೋಡಿ. ಏಳಡಿ ಉದ್ದಕ್ಕೆ ಒಂದಿಂಚು ಇಳಿಜಾರು. ನೆಲಕ್ಕೆ ಒಂದಡಿ ಟೈಲ್ಸೇ ಸರಿ, ಎರಡಡಿಯದ್ದು ಇಳಿಜಾರಿಗೆ ಬಗ್ಗುವುದಿಲ್ಲ, ನಡುವೆ ನೀರು ನಿಲ್ಲುತ್ತದೆ. ಗೋಡೆಯಲ್ಲಿ ಉಳಿತಾಯ ಇದೆ: 5×7 ಬಚ್ಚಲಿಗೆ ಸುತ್ತಲೂ ಏಳಡಿ ಹಾಕಿದರೆ ಬಾಗಿಲು ಕಳೆದು 150 ಚದರಡಿ. ಸ್ನಾನದ ಮೂಲೆಗೆ ಮಾತ್ರ ಹತ್ತಡಿ ಅಗಲ ಏಳಡಿ ಎತ್ತರ, ಮಿಕ್ಕ ಕಡೆ ನಾಲ್ಕಡಿ ಹಾಕಿದರೆ 116.

ನೆಲದ ಬಗ್ಗೆ ನಮ್ಮದು ಖಡಾಖಂಡಿತ ಅಭಿಪ್ರಾಯ. ಒಳ್ಳೆಯ ರೆಡ್ ಆಕ್ಸೈಡ್ ನೆಲ ಇದ್ದರೆ ಅದನ್ನು ಮುಚ್ಚಬೇಡಿ. ಬಿರುಕಿಗೆ ಸಿಮೆಂಟ್ ಜೊತೆ ಕೆಂಪು ಪುಡಿ ಕಲಸಿ ತುಂಬಿ, ಉಜ್ಜಿಸಿ, ಕೊಬ್ಬರಿ ಎಣ್ಣೆಯಲ್ಲೋ ಮೇಣದಲ್ಲೋ ಒರೆಸಿದರೆ ಇನ್ನೊಂದು ಇಪ್ಪತ್ತು ವರ್ಷಕ್ಕೆ ಚಿಂತೆಯಿಲ್ಲ. ಟೈಲ್ಸೇ ಬೇಕು ಅಂದರೆ ಲೆಕ್ಕ ಹೀಗೆ: 10×12 ಕೋಣೆ 120 ಚದರಡಿ, ಗೋಡೆಯ ಬುಡಕ್ಕೆ ಸುತ್ತ ಹಾಕುವ ನಾಲ್ಕಿಂಚಿನ ಪಟ್ಟಿ, ಅಂದರೆ ಸ್ಕರ್ಟಿಂಗ್, 15, ಒಡೆದು ಕತ್ತರಿಸಿ ಹಾಳಾಗುವುದಕ್ಕೆ ಶೇ. 7. ಒಟ್ಟು 144. ಎರಡಡಿ ಟೈಲ್ಸಿನ ಒಂದು ಪೆಟ್ಟಿಗೆಯಲ್ಲಿ ನಾಲ್ಕು, ಅಂದರೆ ಹದಿನೈದೂವರೆ ಚದರಡಿ. ಹತ್ತು ಪೆಟ್ಟಿಗೆ ಬೇಕು. ಹನ್ನೊಂದು ತನ್ನಿ, ಎಲ್ಲಕ್ಕೂ ಒಂದೇ ಬ್ಯಾಚ್ ನಂಬರ್ ಇರಲಿ. ಮುಂದೆ ಒಂದು ಒಡೆದರೆ ಅದೇ ಛಾಯೆ ಅಂಗಡಿಯಲ್ಲಿ ಸಿಗುವುದಿಲ್ಲ.

ಅಡುಗೆಮನೆಯ ಕಡಪ ಕಲ್ಲಿನ ಕಟ್ಟೆಯನ್ನೂ ಉಳಿಸಿಕೊಳ್ಳಿ. ಅದಕ್ಕೆ ಮುಂದೆ ಬಾಗಿಲು ಮಾತ್ರ ಹಾಕಿಸಿದರೆ ಕಪಾಟಾಯಿತು. ಪ್ಲೈವುಡ್ಡಿನ ಮೇಲೆ ಐಎಸ್ 710 ಅಂತ ಅಚ್ಚಾಗಿರಲಿ, ಅದು ನೀರು ತಡೆಯುವ ದರ್ಜೆ, ಸಿಂಕಿನ ಕೆಳಗೆ ಸಾಮಾನ್ಯ ದರ್ಜೆಯ ಐಎಸ್ 303 ತಡೆಯುವುದಿಲ್ಲ. ತೇಗ, ಹೊನ್ನೆ, ಮತ್ತಿಯ ಹಳೇ ಬಾಗಿಲನ್ನು ಮಾರಿ ಹೊಸ ಫ್ಲಶ್ ಡೋರ್ ತರುವವರಿಗೆ ಏನು ಹೇಳುವುದು?

ಬಣ್ಣ ಕೊನೆಗೆ ಅಂದೆವಲ್ಲ, ಈಗ ಬಂತು. ಹೊಸ ಪ್ಲಾಸ್ಟರ್ 28 ದಿನ ಆರಬೇಕು. ಹಳೆ ಡಿಸ್ಟೆಂಪರ್ ಪೂರ್ತಿ ಕೆರೆಯಬೇಕು, ಇಲ್ಲದಿದ್ದರೆ ಹೊಸ ಬಣ್ಣ ಅದನ್ನೂ ಹಿಡಿದುಕೊಂಡು ಉದುರುತ್ತದೆ. 10×12 ಕೋಣೆ, ಹತ್ತಡಿ ಎತ್ತರ: ಗೋಡೆ 440, ಬಾಗಿಲು ಕಿಟಕಿಗೆ 60 ಕಳೆಯಿರಿ, ಸೂರು 120 ಕೂಡಿ. 500 ಚದರಡಿಗೆ ಎರಡು ಕೈ ಎಮಲ್ಷನ್ ಸುಮಾರು 8 ಲೀಟರ್. ಪುಟ್ಟಿ ಹೊಸದಾಗಿ ಹಚ್ಚುವುದಾದರೆ 40 ಕೆ.ಜಿ. ಚೀಲ ಒಂದು. ಹೊರಗೋಡೆಗೆ ಜನವರಿಯಿಂದ ಮಾರ್ಚ್. ತಾರಸಿ ಕೆಲಸಕ್ಕೂ ಅದೇ ಕಾಲ, ಏಪ್ರಿಲ್ ಬಂದರೆ ಸಂಜೆಯ ಮಳೆ ಶುರುವಾಗಬಹುದು.

ಇನ್ನು ಮೇಸ್ತ್ರಿ ಜೊತೆ ಮಾತುಕತೆ. ಒಟ್ಟಿಗೆ ಇಷ್ಟು ಅಂತ ಗುತ್ತಿಗೆ ಹೊಸ ಮನೆಗೆ ಸರಿ. ದುರಸ್ತಿಗೆ ಕೆಲಸವಾರು ದರ ಮಾಡಿಕೊಳ್ಳಿ: ಪ್ಲಾಸ್ಟರ್ ಚದರಡಿಗೆ ಎಷ್ಟು, ಸ್ಕರ್ಟಿಂಗ್ ಅಡಿಗೆ ಎಷ್ಟು, ಕೀಳುವುದು ಎಷ್ಟು, ಕಿತ್ತ ಮಣ್ಣು, ಇಟ್ಟಿಗೆ ಚೂರು ಸಾಗಿಸುವುದು ಯಾರು. ಈ ಕೊನೆಯದನ್ನು ಎಲ್ಲರೂ ಮರೆಯುತ್ತಾರೆ, ಆಮೇಲೆ ಬೀದಿಯಲ್ಲಿ ಗುಡ್ಡೆ ಬಿದ್ದಿರುತ್ತದೆ. ಬಾಗಿಲು ಕಿಟಕಿಯ ಅಳತೆ ಕಳೆದೋ ಕಳೆಯದೆಯೋ ಅನ್ನುವುದನ್ನು ಕೆಲಸ ಶುರುವಾಗುವ ಮುಂಚೆ ಬರೆದುಕೊಳ್ಳಿ. ಈಗ ತಾನೇ ಹೇಳಿದ ಕೋಣೆಯ ಬಣ್ಣದ ಲೆಕ್ಕದಲ್ಲೇ 60 ಚದರಡಿ ವ್ಯತ್ಯಾಸ ಬಂತು, ಐದು ಕೋಣೆಗೆ 300.

ಸಾಮಾನು ನೀವೇ ತಂದರೆ ಈ ಅಂದಾಜು ಕೈಯಲ್ಲಿರಲಿ. ಅರ್ಧ ಇಂಚು ದಪ್ಪದ 1:6 ಪ್ಲಾಸ್ಟರ್ ಒಂದು ಚದರಕ್ಕೆ ಮುಕ್ಕಾಲು ಚೀಲ ಸಿಮೆಂಟು, ಐದು ಘನಅಡಿ ಮರಳು. ನಾಲ್ಕೂವರೆ ಇಂಚಿನ ಗೋಡೆಗೆ ಚದರಡಿಗೆ ನಾಲ್ಕೂವರೆ ಇಟ್ಟಿಗೆ. ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿ ಮಾಡಿದ ಮರಳು, ಟನ್ನಿನ ಲೆಕ್ಕದಲ್ಲಿ ಬರುತ್ತದೆ, ಒಂದು ಟನ್ನಿಗೆ ಸುಮಾರು 21 ಘನಅಡಿ. ಪ್ಲಾಸ್ಟರಿಗೆ ಅದಕ್ಕಿಂತ ನಯವಾದ ಪಿ-ಸ್ಯಾಂಡೇ ಕೇಳಿ. ಗಾಜಿನ ಲೋಟದಲ್ಲಿ ನೀರಿನ ಜೊತೆ ಅಲ್ಲಾಡಿಸಿ ಇಟ್ಟಾಗ ಮೇಲೆ ದಪ್ಪ ಧೂಳಿನ ಪದರ ಕೂತರೆ ವಾಪಸ್ ಕಳಿಸಿ, ಅಂಥ ಮರಳಿನ ಪ್ಲಾಸ್ಟರ್ ಜೇಡರ ಬಲೆಯ ಹಾಗೆ ಬಿರುಕು ಬಿಡುತ್ತದೆ. ಸಿಮೆಂಟು ವಾರಕ್ಕೆ ಬೇಕಾದಷ್ಟೇ ತನ್ನಿ, ಚೀಲದ ಮೇಲಿನ ತಿಂಗಳು ನೋಡಿ, ಮೂರು ತಿಂಗಳು ದಾಟಿದ್ದು ಬೇಡ.

ಮುಂಗಡ ಹತ್ತನೇ ಒಂದು ಭಾಗ. ಆಮೇಲೆ ಆದ ಕೆಲಸಕ್ಕೆ, ಶನಿವಾರ ಅಳತೆ ಹಿಡಿದು. ತಾರಸಿ ಕೆಲಸದ ಹಣದಲ್ಲಿ ಶೇ. 10ನ್ನು ಮೊದಲ ಜೋರು ಮಳೆಯವರೆಗೆ ಹಿಡಿದಿಡುತ್ತೇವೆ ಅಂತ ಮೊದಲೇ ಹೇಳಿ. ಒಳ್ಳೆಯ ಮೇಸ್ತ್ರಿ ಒಪ್ಪುತ್ತಾನೆ. ಮಳೆ ಬಂದ ಮಾರನೇ ದಿನ ಸೋರದಿದ್ದರೆ, ಅವನು ಕೇಳುವ ಮುಂಚೆ ಕೊಟ್ಟುಬಿಡಿ.

ಪ್ರಶ್ನೆ: ನಮ್ಮದು ಮಂಗಳೂರು ಹಂಚಿನ ಮನೆ. ಕಿತ್ತು ಶೀಟ್ ಹಾಕಿಸಲೇ?

ಬೇಡ. ಹಂಚು ಸೋರುವುದು ಬಹುತೇಕ ಒಡೆದ ಹಂಚಿನಿಂದ, ಇಲ್ಲವೇ ಪಾಚಿ, ಎಲೆ ತುಂಬಿ ನೀರು ಹಿಂದಕ್ಕೆ ಉಕ್ಕುವುದರಿಂದ. ಇಳಿಸಿ, ತೊಳೆದು, ಹಂಚು ಕೂರುವ ಮರದ ಪಟ್ಟಿ, ಅಂದರೆ ರೀಪರ್ ನೋಡಿ, ಹುಳ ಹಿಡಿದದ್ದನ್ನು ಮಾತ್ರ ಬದಲಿಸಿ. ಒಂದು ಚದರಕ್ಕೆ ಸುಮಾರು 150 ಹಂಚು, ಹತ್ತರಲ್ಲಿ ಒಂದು ಹೊಸದು ಬೇಕಾಗುತ್ತದೆ ಅಂದುಕೊಂಡು ತನ್ನಿ. ಶೀಟ್ ಹಾಕಿದರೆ ಏಪ್ರಿಲ್ ಮಧ್ಯಾಹ್ನ ಒಳಗೆ ಕೂರಲಾಗದು.

ಪ್ರಶ್ನೆ: ದುರಸ್ತಿಗೆ ಸಾಲ ತೆಗೆದರೆ ತೆರಿಗೆ ರಿಯಾಯಿತಿ ಇದೆಯೇ?

ಹಳೆ ತೆರಿಗೆ ಪದ್ಧತಿಯಲ್ಲಿದ್ದರೆ, ನೀವೇ ವಾಸವಿರುವ ಮನೆಯ ದುರಸ್ತಿ ಸಾಲದ ಬಡ್ಡಿಗೆ ವರ್ಷಕ್ಕೆ 30,000 ರೂಪಾಯಿವರೆಗೆ. ಅದಕ್ಕಾಗಿಯೇ ಸಾಲ ಮಾಡುವಷ್ಟು ದೊಡ್ಡ ಮೊತ್ತವಲ್ಲ.

ಪ್ರಶ್ನೆ: ಕೆಲಸ ನಡೆಯುವಾಗ ಮನೆಯಲ್ಲೇ ಇರಬಹುದೇ?

ಬಚ್ಚಲು ಎರಡಿದ್ದರೆ ಇರಬಹುದು, ಒಂದಾದ ಮೇಲೆ ಒಂದು ಮಾಡಿಸಿ. ಒಂದೇ ಇದ್ದರೆ ಹದಿನೈದು ದಿನಕ್ಕೆ ಬೇರೆ ವ್ಯವಸ್ಥೆ ಮಾಡಿಕೊಂಡೇ ಕೈಹಾಕಿ. ಲೇಪ ಆರಬೇಕು, ನೀರು ನಿಲ್ಲಿಸಿ ನೋಡಬೇಕು, ಟೈಲ್ಸ್ ಹಿಡಿಯಬೇಕು. ಮನೆಯವರ ಅವಸರಕ್ಕೆ ಈ ಮೂರರಲ್ಲಿ ಒಂದನ್ನು ಬಿಟ್ಟ ಬಚ್ಚಲುಗಳೇ ಎರಡು ವರ್ಷದಲ್ಲಿ ಕೆಳಗಿನ ಮನೆಗೆ ಸೋರುವುದು. ಮಂಡ್ಯದ ಕಡೆ ನಾಟಿ ಶುರುವಾದರೆ ಆಳುಗಳು ಗದ್ದೆಗೆ ಹೋಗುತ್ತಾರೆ, ಹದಿನೈದು ದಿನ ತಿಂಗಳಾಗುತ್ತದೆ, ಅದನ್ನೂ ಎಣಿಸಿಕೊಳ್ಳಿ.

ಪ್ರಶ್ನೆ: ನಾಲ್ಕು ಲಕ್ಷ ಎಲ್ಲಿಂದ ತರಲಿ? ಈ ವರ್ಷ ಇರುವುದು ಐವತ್ತು ಸಾವಿರ.

ಹತ್ತು ಸಾವಿರ ತೆಗೆದಿಡಿ. ಅರ್ತಿಂಗ್ ಮಾಡಿಸಿ, ಆರ್‌ಸಿಸಿಬಿ ಕೂರಿಸಿ. ತಾರಸಿಗೆ ಎರಡನೇ ಪೈಪು ಇಳಿಸಿ, ಪ್ಯಾರಪೆಟ್ಟಿನ ಬುಡಕ್ಕೆ ಸುತ್ತ ದುಂಡು ಅಂಚು ಕಟ್ಟಿಸಿ, ಅಷ್ಟಕ್ಕೆ ಮಾತ್ರ ಬಲೆ ಮತ್ತು ಕೋಟಿಂಗ್. ಅಂಗಳದ ಮಣ್ಣು ತಗ್ಗಿಸಿ. ಅಲ್ಲಿಗೆ ನಿಲ್ಲಿಸಿ, ಒಂದು ಮಳೆಗಾಲ ನೋಡಿ. ಬಣ್ಣ ಏನಾದರೂ ಮಾಡಿಸಲೇಬೇಕು ಅಂತ ಮನೆಯಲ್ಲಿ ಹಟ ಹಿಡಿದರೆ ಗೇಟಿನ ತುಕ್ಕು ಉಜ್ಜಿ ಬಣ್ಣ ಹೊಡೆಯಿರಿ. ಒಂದು ಲೀಟರ್ ಸಾಕು.